ನೆಂಟರಿಗೆ ತೋರಿಸುವ ಹೈದರಾಬಾದ್, ನಾವು ನೋಡಬೇಕಾದ ಹೈದರಾಬಾದ್

ಬೇಸಿಗೆಯ ರಜೆ ಬಂತೆಂದರೆ ಹೈದರಾಬಾದಿನ ಕನ್ನಡಿಗರ ಮನೆಗಳಿಗೆ ಊರಿನಿಂದ ನೆಂಟರು ಬರುವುದು ವಾಡಿಕೆ. ಬಂದವರನ್ನು ಒಂದು ದಿನ ಚಾರ್‌ಮಿನಾರಿಗೂ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೂ, ಇನ್ನೊಂದು ದಿನ ಗೋಲ್ಕೊಂಡಕ್ಕೂ ಕರೆದೊಯ್ದು, ಸಂಜೆ ಬಿರ್ಲಾ ಮಂದಿರದ ಎತ್ತರದಿಂದ ಊರಿನ ದೀಪಗಳನ್ನು ತೋರಿಸಿ, ಲಾಡ್ ಬಜಾರಿನ ಬಳೆಗಳನ್ನು ಕೊಡಿಸಿ ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಒಮ್ಮೆ ಹೀಗೆ ತಿರುಗಾಡಿ ಬಂದ ರಾತ್ರಿ ನಮ್ಮ ಮನೆಯ ಹುಡುಗಿ ಊರಿನಿಂದ ಬಂದಿದ್ದ ಅಜ್ಜನನ್ನು ಕೇಳಿದಳು: “ಅಜ್ಜಾ, ಇಷ್ಟೆಲ್ಲ ನೋಡಿದೆವಲ್ಲ, ಇದರಲ್ಲಿ ನಮ್ಮವರದು ಅಂತ ಏನೂ ಇಲ್ಲವೇ?” ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಹೊಟ್ಟೆಪಾಡಿಗೆ ಬಂದವರಮ್ಮ” ಎಂದಷ್ಟೇ ಹೇಳಿದರು.

ಆ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಚಾರ್‌ಮಿನಾರನ್ನು 1591ರಲ್ಲಿ ಕಟ್ಟಿಸಿದವನು ಮಹಮ್ಮದ್ ಕುಲಿ ಕುತುಬ್ ಶಾಹ. ಪಕ್ಕದ ಮಕ್ಕಾ ಮಸೀದಿಯ ಕೆಲಸ 1617ರಲ್ಲಿ ಆರಂಭವಾಗಿ ಔರಂಗಜೇಬನ ಕಾಲದಲ್ಲಿ, 1694ರಲ್ಲಿ ಮುಗಿಯಿತು. ಇವುಗಳಲ್ಲಿ ಕನ್ನಡದ ಗುರುತನ್ನು ಹುಡುಕುವುದು ವ್ಯರ್ಥ. ಆದರೆ ಈ ನಗರದಲ್ಲೂ ಇದರ ಸುತ್ತಮುತ್ತಲೂ ಕನ್ನಡಿಗರ ಹೆಜ್ಜೆಗಳು ಮೂಡಿರುವ ಸ್ಥಳಗಳು ಹಲವಿವೆ. ಸ್ವಾರಸ್ಯವೆಂದರೆ, ಊರಿನಿಂದ ದೂರ ಹೋದಷ್ಟೂ ಅವು ಹಳೆಯವಾಗುತ್ತ ಹೋಗುತ್ತವೆ.

ಮೊದಲಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗೋಣ. ಇದು 1918ರಲ್ಲಿ ಸ್ಥಾಪಿತವಾದುದು. ಗುಲಾಬಿ ಛಾಯೆಯ ಕಲ್ಲಿನ ಭವ್ಯವಾದ ಆರ್ಟ್ಸ್ ಕಾಲೇಜಿನ ಕಟ್ಟಡ 1939ರದು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅಲ್ಲಿನ ಕನ್ನಡಿಗರಿಗೆ ರಾಜಧಾನಿ ಹೈದರಾಬಾದೇ. ದೊಡ್ಡ ಓದಿಗೆ, ದೊಡ್ಡ ಕಾಯಿಲೆಗೆ, ದೊಡ್ಡ ವ್ಯಾಜ್ಯಕ್ಕೆ ಅವರು ರೈಲು ಹತ್ತಿ ಬರುತ್ತಿದ್ದುದು ಇಲ್ಲಿಗೆ. ನಮ್ಮ ನಡುವಿನ ಎಷ್ಟೋ ಕುಟುಂಬಗಳ ಹಿರಿಯರು ಪರಊರಿಗೆ ವಲಸೆ ಬಂದವರಲ್ಲ, ತಮ್ಮದೇ ರಾಜಧಾನಿಗೆ ಬಂದವರು. ಗಡಿ ಆಮೇಲೆ ಬದಲಾಯಿತು.

ಅಲ್ಲಿಂದ ಮೂಸಿ ನದಿಯ ದಕ್ಷಿಣ ದಂಡೆಯಲ್ಲಿರುವ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ. ಶುಕ್ರವಾರ ಬಾಗಿಲು ಮುಚ್ಚಿರುತ್ತದೆ, ನೆನಪಿರಲಿ. ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ವಿಗ್ರಹವನ್ನೂ ಗಂಟೆ ಬಾರಿಸುವ ಗಡಿಯಾರವನ್ನೂ ನೋಡಿ ಹೊರಬಂದ ಮೇಲೆ ಸೇತುವೆಯ ಮೇಲೆ ಐದು ನಿಮಿಷ ನಿಲ್ಲಿರಿ. ಇಂದು ಸೊರಗಿ ಹರಿಯುವ ಈ ಮೂಸಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಬಂದು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಎದುರು ದಂಡೆಯ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನು ಹತ್ತಿ ಸುಮಾರು 150 ಮಂದಿ ಆ ದಿನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ.

ಇಂತಹ ಅನಾಹುತ ಮರುಕಳಿಸದಂತೆ ಉಪಾಯ ಹೇಳಲು ನಿಜಾಮರ ಸರ್ಕಾರ ಕರೆಸಿದುದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರು 1909ರಲ್ಲಿ ಇಲ್ಲಿಗೆ ಬಂದು, ನದಿಯ ಮೇಲ್ಭಾಗವನ್ನೆಲ್ಲ ಪರಿಶೀಲಿಸಿದರು. ನಗರದೊಳಗೆ ಗೋಡೆ ಎತ್ತರಿಸಿದರೆ ಸಾಲದು, ಪ್ರವಾಹವನ್ನು ನಗರಕ್ಕೆ ಬರುವ ಮೊದಲೇ ಹಿಡಿದು ನಿಲ್ಲಿಸಬೇಕು ಎಂಬುದು ಅವರ ಸಲಹೆಯ ಸಾರ. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರವೂ (1920), ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರವೂ (1927) ಎದ್ದು ನಿಂತವು. ಪ್ರವಾಹ ತಡೆಯಲು ಕಟ್ಟಿದ ಕೆರೆಗಳೇ ದಶಕಗಳ ಕಾಲ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಉಸ್ಮಾನ್ ಸಾಗರವೆಂದರೆ ನಾವು ಬುತ್ತಿ ಕಟ್ಟಿಕೊಂಡು ಹೋಗುವ ಗಂಡಿಪೇಟೆಯೇ. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದು 1911ರಲ್ಲಿ. ಅದಕ್ಕೆ ಮುನ್ನ ಆ ಕೈ ಇಲ್ಲಿ ನಕ್ಷೆ ಬರೆದಿತ್ತು ಎಂಬುದನ್ನು ಮಕ್ಕಳಿಗೆ ಕಟ್ಟೆಯ ಮೇಲೆಯೇ ನಿಲ್ಲಿಸಿ ಹೇಳಬೇಕು.

ಗಂಡಿಪೇಟೆಯಿಂದ ಮರಳುವಾಗ ಗೋಲ್ಕೊಂಡ. ಫತೇ ದರ್ವಾಜಾದಲ್ಲಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾಹಿಸ್ಸಾರಿನಲ್ಲಿ ಕೇಳುವುದನ್ನು ಎಲ್ಲ ಮಾರ್ಗದರ್ಶಿಗಳೂ ತೋರಿಸುತ್ತಾರೆ. ಅವರು ಸಾಮಾನ್ಯವಾಗಿ ಹೇಳದ ಮಾತೊಂದಿದೆ. ಈ ಕೋಟೆ ಕಲಬುರಗಿ ಮತ್ತು ಬೀದರಿನಿಂದ ಆಳಿದ ಬಹಮನಿಗಳ ವಶದಲ್ಲಿತ್ತು. ಕುತುಬ್ ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ ಬಹಮನಿಗಳ ಪ್ರಾಂತಾಧಿಕಾರಿಯಾಗಿದ್ದವನು. ಅವನ ಮಗ ಇಬ್ರಾಹಿಂ ಅಣ್ಣನ ಭಯದಿಂದ 1543ರಲ್ಲಿ ಓಡಿಹೋಗಿ, ಏಳು ವರ್ಷ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದನು. 1550ರಲ್ಲಿ ಗೋಲ್ಕೊಂಡದ ಸಿಂಹಾಸನವೇರಿದ ಮೇಲೆ ತೆಲುಗು ಕವಿಗಳು ಇವನನ್ನು ‘ಮಲ್ಕಿಭರಾಮ’ನೆಂದು ಹೊಗಳಿದರು. ನಾವು ಸಂಜೆ ಗಾಳಿ ಸೇವಿಸುವ ಹುಸೇನ್ ಸಾಗರ 1562ರ ಸುಮಾರಿಗೆ ಇವನ ಆಳ್ವಿಕೆಯಲ್ಲಿ ಆದದ್ದು. ಆದರೆ 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನ ವಿರುದ್ಧ ನಿಂತ ಸುಲ್ತಾನರಲ್ಲಿ ಇವನೂ ಒಬ್ಬ! ಅನ್ನವಿಟ್ಟ ಮನೆಯ ಮೇಲೆ ಕತ್ತಿ ಎತ್ತಿದನೆಂದು ನಾವು ನೊಂದುಕೊಳ್ಳಬಹುದು. ಆದರೆ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ರಾಮರಾಯನ ರಾಜನೀತಿಯೂ ಇದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಹುಸೇನ್ ಸಾಗರದ ಕಟ್ಟೆಯ ಮೇಲೆ 1986ರಲ್ಲಿ ನಿಲ್ಲಿಸಿದ ಪ್ರತಿಮೆಗಳ ಸಾಲಿನಲ್ಲಿ ಕೃಷ್ಣದೇವರಾಯನೂ ನಟ ಬಳ್ಳಾರಿ ರಾಘವರೂ ಇದ್ದಾರೆ. ನೆಂಟರಿಗೆ ಬುದ್ಧನ ವಿಗ್ರಹದ ಜೊತೆಗೆ ಇವರನ್ನೂ ತೋರಿಸಿರಿ.

ಇನ್ನು ನಗರದ ಹೊರಗೆ. ಮುಂಬಯಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಪಟಾನ್‌ಚೆರು ಎಂದರೆ ನಮಗೆ ಕಾರ್ಖಾನೆಗಳೂ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರವೂ ನೆನಪಿಗೆ ಬರುತ್ತವೆ. ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಇದೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ (1015–1042) ನೆಲೆವೀಡು ಇಲ್ಲಿತ್ತು. ಅವನ ಮಗ ಸೋಮೇಶ್ವರನ ಕಾಲದಲ್ಲಿ ರಾಜಧಾನಿ ಕಲ್ಯಾಣಕ್ಕೆ ಹೋಯಿತು.

ವರಂಗಲ್ ದಿಕ್ಕಿನಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ಆಲೇರು ಸಮೀಪದ ಕೊಲನುಪಾಕ, ಅಂದಿನ ಕೊಲ್ಲಿಪಾಕೆ. ಇಲ್ಲಿಯ ಜಿನಾಲಯದಲ್ಲಿ ಮಾಣಿಕ್ಯದೇವನೆಂದು ಹೆಸರಾದ ಆದಿನಾಥನಿದ್ದಾನೆ. ಸೋಮೇಶ್ವರ ದೇವಾಲಯವಂತೂ ವೀರಶೈವರಿಗೆ ಪೂಜ್ಯ. ರೇಣುಕಾಚಾರ್ಯರು ಈ ಲಿಂಗದಿಂದ ಉದ್ಭವಿಸಿದರೆಂಬುದು ಪರಂಪರೆಯ ನಂಬಿಕೆ. ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ.

ಎರಡು ದಿನದ ಬಿಡುವಿದ್ದರೆ ಸುಮಾರು 150 ಕಿಲೋಮೀಟರ್ ದೂರದ ವೇಮುಲವಾಡಕ್ಕೆ ಹೋಗಿಬನ್ನಿ. ರಾಜರಾಜೇಶ್ವರನ ದರ್ಶನಕ್ಕೆ ಜನ ಕಿಕ್ಕಿರಿಯುವ ಈ ಕ್ಷೇತ್ರ ನಮ್ಮ ಆದಿಕವಿ ಪಂಪನ ಆಶ್ರಯದಾತ ಅರಿಕೇಸರಿಯ ರಾಜಧಾನಿ. ‘ವಿಕ್ರಮಾರ್ಜುನ ವಿಜಯ’ 941ರಲ್ಲಿ ರಚಿತವಾದುದು ಈ ಆಸ್ಥಾನದಲ್ಲಿ. ಇಲ್ಲಿಂದ ಕರೀಂನಗರದ ಕಡೆಗೆ, ಗಂಗಾಧರದ ಬಳಿ ಕುರ್ಕ್ಯಾಲದ ಬೊಮ್ಮಲಗುಟ್ಟವೆಂಬ ಬೆಟ್ಟವಿದೆ. ಪಂಪನ ತಮ್ಮ ಜಿನವಲ್ಲಭ ಆ ಬಂಡೆಯ ಮೇಲೆ ಜಿನಬಿಂಬಗಳನ್ನೂ, ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನವನ್ನೂ ಕೆತ್ತಿಸಿದನು. ಪಂಪನ ವಂಶದ ವಿವರ ನಮಗೆ ದೊರೆತುದು ಈ ಕಲ್ಲಿನಿಂದ. ತೆಲುಗಿನ ಅತಿ ಪ್ರಾಚೀನ ಕಂದಪದ್ಯಗಳು ದೊರೆತುದೂ ಇದೇ ಕಲ್ಲಿನಿಂದ. ಕನ್ನಡಕ್ಕೂ ತೆಲುಗಿಗೂ 2008ರಲ್ಲಿ ಒಟ್ಟಿಗೆ ಶಾಸ್ತ್ರೀಯ ಭಾಷೆಯ ಮನ್ನಣೆ ಬಂದಾಗ ನನಗೆ ನೆನಪಾದುದು ಈ ಬಂಡೆಯೇ.

ಇದನ್ನೆಲ್ಲ ಹೇಳಿದುದು ಈ ನೆಲ ನಮ್ಮದೆಂದು ಹಕ್ಕು ಸಾಧಿಸುವುದಕ್ಕಲ್ಲ. ನಮಗೆ ಅನ್ನ ನೀಡಿದ ಈ ಊರು ತೆಲುಗರದು, ಉರ್ದು ಆಡುವವರದು. ಅವರೊಡನೆ ನಾವೂ ಸಾವಿರ ವರ್ಷಗಳಿಂದ ಬಂದುಹೋಗುತ್ತ ಇದ್ದೇವೆ ಎಂದು ಮಕ್ಕಳಿಗೆ ತಿಳಿದಿದ್ದರೆ ಸಾಕು. ಈ ಸಲ ಅಜ್ಜ ಬಂದರೆ ಮೊದಲು ಗಂಡಿಪೇಟೆಗೆ ಹೋಗುವುದೆಂದು ನಮ್ಮ ಹುಡುಗಿ ಈಗಾಗಲೇ ಗೊತ್ತುಮಾಡಿದ್ದಾಳೆ. ಕಟ್ಟೆಯ ಕಥೆಯನ್ನು ಅಜ್ಜನಿಗೆ ತಾನೇ ಹೇಳುತ್ತಾಳಂತೆ.