ಕವಲುಹೇಳಿಕೆಯಲ್ಲಿ ಪಠ್ಯಮಾದರಿಗಳು: ಒಂದು ಚಾರಿತ್ರಿಕ ವಿವೇಚನೆ

ಒಂದು ಪಠ್ಯಕ್ಕೆ ಹಲವು ಮಾದರಿಗಳು ಏಕಕಾಲದಲ್ಲಿ ಹೊಂದಿದಾಗ ಯಾವ ಕವಲನ್ನು ಹಿಡಿಯಬೇಕೆಂಬ ಪ್ರಶ್ನೆಗೆ ಗಣಕಭಾಷೆಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ. ಈ ಭೇದದ ಮೂಲವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

1960ರ ಆಲ್ಗಾಲ್ ವರದಿಯಲ್ಲಿ ಸ್ವಿಚ್ ಎಂದರೆ ಗುರುತುಗಳ ಪಟ್ಟಿ. ಪೂರ್ಣಾಂಕವೊಂದು ಅದರಲ್ಲಿನ ಸ್ಥಾನವನ್ನು ತೋರಿಸುತ್ತಿತ್ತು. ಡೆನ್ನಿಸ್ ರಿಚಿಯ ಸಿ ಭಾಷೆಯಲ್ಲಿಯೂ ಅದು ಪೂರ್ಣಾಂಕಗಳನ್ನೇ ಪರೀಕ್ಷಿಸುತ್ತದೆ. ಐದು ಎಂಬುದು ಐದೇ ಹೊರತು ಆರೂ ಆಗಲಾರದು. ಆದುದರಿಂದ ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಪಠ್ಯಮಾದರಿಯ ವಂಶವೇ ಬೇರೆ. ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯ ಪ್ರಬಂಧ ಪ್ರಕಟವಾದದ್ದು 1956ರಲ್ಲಿ. ಅವನ ನಿಯತ ರೂಪಗಳನ್ನು ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯಶೋಧನೆಗೆ ಅಳವಡಿಸಿದನು. 1971ರ ಯೂನಿಕ್ಸ್‌ನಲ್ಲಿ ಕಡತಗಳ ಹೆಸರಿಗೆ ನಕ್ಷತ್ರಚಿಹ್ನೆಯ ಸರಳತರ ಮಾದರಿಗಳೂ ಬಳಕೆಗೆ ಬಂದವು.

ಈ ಎರಡು ಧಾರೆಗಳ ಸಂಗಮವನ್ನು 1979ರ ಏಳನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿ, ಸ್ಟೀಫನ್ ಬೋರ್ನ್ ರಚಿಸಿದ ಶೆಲ್‌ನಲ್ಲಿ ನೋಡಬಹುದು. ಬೋರ್ನ್ ಕೇಂಬ್ರಿಜ್‌ನಲ್ಲಿ ಆಲ್ಗಾಲ್ 68ರ ಮೇಲೆ ಕೆಲಸ ಮಾಡಿದ್ದವನು. ಅವನ ಕೇಸ್ ಹೇಳಿಕೆ ಅದೇ ಪದದ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವುದರಿಂದ ಮುಗಿಯುವುದು ಆ ಭಾಷೆಯ ಋಣ. (ಡು ಎಂಬುದನ್ನು ಮಾತ್ರ ಹೀಗೆ ತಿರುಗಿಸಲಾಗಲಿಲ್ಲ, ಆ ಹೆಸರಿನ ಆಜ್ಞೆಯೊಂದು ಮೊದಲೇ ಇದ್ದಿತು.) ಒಂದು ಕವಲಿಗೆ ಹಲವು ಮಾದರಿಗಳಿದ್ದರೆ ಅವುಗಳ ನಡುವೆ | ಗೆರೆ; ಕವಲಿನ ಕೊನೆಗೆ ;; ಚಿಹ್ನೆ. ಮೊದಲು ಹೊಂದಿದ ಕವಲೊಂದೇ ನಡೆಯುವುದು. ಆದುದರಿಂದ ಬರೆದ ಕ್ರಮವೇ ಅರ್ಥದ ಭಾಗವಾಗುತ್ತದೆ. ನಕ್ಷತ್ರವೊಂದನ್ನೇ ಮೊದಲಿಟ್ಟರೆ ಉಳಿದ ಕವಲುಗಳೆಲ್ಲ ವ್ಯರ್ಥ.

2006ರ ಪವರ್‌ಶೆಲ್ ಬೇರೆ ದಾರಿ ಹಿಡಿಯಿತು. ಅಲ್ಲಿ ಬ್ರೇಕ್ ಎಂದು ತಡೆಯದಿದ್ದರೆ ಹೊಂದಿದ ಕವಲುಗಳೆಲ್ಲವೂ ನಡೆಯುತ್ತವೆ. ‘ಹಳೆ*’ ಎಂಬ ಹೆಸರಿನ ಕಡತವನ್ನು ಹಾಗೆಯೇ ಬಿಡು, ‘*ಪಟ್ಟಿ’ ಎಂಬುದನ್ನು ಅಳಿಸು ಎಂದು ಈ ಕ್ರಮದಲ್ಲಿಯೇ ಬರೆದಿದೆ ಎನ್ನೋಣ. ‘ಹಳೆಪಟ್ಟಿ’ ಎಂಬ ಕಡತ ಬೋರ್ನ್‌ನ ಶೆಲ್‌ನಲ್ಲಿ ಉಳಿಯುತ್ತದೆ, ಪವರ್‌ಶೆಲ್‌ನಲ್ಲಿ ಅಳಿಯುತ್ತದೆ. ಒಂದರಲ್ಲಿ ಪಳಗಿದ ವಿದ್ಯಾರ್ಥಿ ಇನ್ನೊಂದರಲ್ಲಿ ಎಡವುವುದು ಇಲ್ಲಿಯೇ. ಬೋರ್ನ್‌ನ ನಿಯಮವೇ ಕ್ಷೇಮವೆಂದು ನನ್ನ ಮತ; ಆದರೆ ಒಂದೇ ಸಾಲಿಗೆ ಹಲವು ಗುಣಗಳನ್ನು ಹಚ್ಚಬೇಕಾದಾಗ ಎರಡನೆಯದರ ಅನುಕೂಲವನ್ನು ಅಲ್ಲಗಳೆಯಲಾಗದು.

2009ರ ಬ್ಯಾಷ್ 4.0 ಎರಡಕ್ಕೂ ಎಡೆಗೊಟ್ಟಿತು: ಕವಲಿನ ಕೊನೆಗೆ ;;& ಎಂದಿದ್ದರೆ ಮುಂದಿನ ಮಾದರಿಗಳ ಪರೀಕ್ಷೆ ಮುಂದುವರಿಯುತ್ತದೆ. ಅವಸರದಲ್ಲಿ ಓದುವವನ ಕಣ್ಣಿಗೆ ಆ ಒಂದು ಚಿಹ್ನೆ ತಪ್ಪಿಹೋಗುವುದೂ ಉಂಟು.