ಬಿಚ್ಚಿದ್ದು, ಜೋಡಿಸಿದ್ದು

ಕಳೆದ ಆಗಸ್ಟಿನಲ್ಲಿ ವೆಲ್ಹೆ ದಾಟಿ ಮಢೆ ಘಾಟಿನ ಕಡೆ ಹೋಗುವ ಹಾದಿಯಲ್ಲಿ ನಾನು ಬೈಕಿನ ಕೆಳಗೆ ಸಿಕ್ಕಿಕೊಂಡು ಸುಮಾರು ಇಪ್ಪತ್ತು ನಿಮಿಷ ಮಲಗಿದ್ದೆ. ವೇಗವೇನೂ ಇರಲಿಲ್ಲ. ಕೆಸರಿನಲ್ಲಿ ಮುಂದಿನ ಚಕ್ರ ಜಾರಿತು, ಗಾಡಿ ಎಡಕ್ಕೆ ವಾಲಿತು, ಊರಿದ ಕಾಲು ಪೆಟ್ಟಿಗೆಯ ಚೌಕಟ್ಟಿಗೂ ನೆಲಕ್ಕೂ ನಡುವೆ ಸಿಕ್ಕಿತು. ಎಮ್ಮೆ ಹೊಡೆದುಕೊಂಡು ಬಂದ ಇಬ್ಬರು ಹುಡುಗರು ಎತ್ತದಿದ್ದರೆ ಇನ್ನೆಷ್ಟು ಹೊತ್ತೋ. ಮೊಣಕಾಲಿನ ಲಿಗಮೆಂಟು ಹಿಗ್ಗಿ ಆರು ವಾರ ಮನೆಯಿಂದಲೇ ಕೆಲಸ.

ಕಾಲು ನೆಟ್ಟಗಾದ ಮೇಲೆ ಮೊದಲು ಮಾಡಿದ್ದು, ಎರಡು ವರ್ಷದಲ್ಲಿ ಹಾಕಿಸಿದ್ದನ್ನೆಲ್ಲ ಬಿಚ್ಚಿ ತೂಕದ ಯಂತ್ರದ ಮೇಲಿಟ್ಟದ್ದು. ಉಕ್ಕಿನ ಕ್ರ್ಯಾಶ್ ಗಾರ್ಡ್ ಆರು ಕಿಲೋ. ಪೆಟ್ಟಿಗೆ ಕೂರಿಸುವ ಚೌಕಟ್ಟು ನಾಲ್ಕೂವರೆ. ಖಾಲಿ ಪೆಟ್ಟಿಗೆಗಳೆರಡೂ ಸೇರಿ ಒಂಬತ್ತು. ಹಿಂದಿನ ಕ್ಯಾರಿಯರ್ ಎರಡೂವರೆ, ಫಾಗ್ ಲ್ಯಾಂಪು ಅದರ ಬ್ರ್ಯಾಕೆಟ್ಟು ಸೇರಿ ಒಂದು. ಒಟ್ಟು 23 ಕಿಲೋ. ಗಾಡಿಯ ತೂಕವೇ 154. ಆಫೀಸಿನಲ್ಲಿ ಕ್ಲೈಂಟು 'ಇದೊಂದು ಸಣ್ಣ ಫೀಚರ್' ಎಂದಾಗಲೆಲ್ಲ ಸ್ಕೋಪ್ ಕ್ರೀಪ್ ಎಂದು ಕೂಗಾಡುವವನು ನಾನೇ! ಮನೆಯಲ್ಲಿ ಕೂತ ಆರು ವಾರ, ಈ ಜಾತಿಯ ಬೈಕಿಗೆ ಜನ ಏನನ್ನು ಹಾಕಿದರು, ಏನನ್ನು ತೆಗೆದರು ಎಂಬ ಚರಿತ್ರೆಯನ್ನು ಓದಿದೆ.

ಮೊದಲು ತೆಗೆದರು. ರಸ್ತೆಗೂ ಕಾಡುದಾರಿಗೂ ಆಗುವ ಬೈಕೆಂಬ ಪ್ರತ್ಯೇಕ ಜಾತಿ ಅರವತ್ತರ ದಶಕದ ಆರಂಭದಲ್ಲಿ ಇನ್ನೂ ನೆಲೆಗೊಂಡಿರಲಿಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಓಡಿಸುವವರು ಟ್ರಯಂಫ್, ಬಿಎಸ್‌ಎಗಳಂಥ ಬ್ರಿಟಿಷ್ ರಸ್ತೆ ಬೈಕುಗಳನ್ನೇ ಕೊಂಡು, ಬೇಡದ್ದನ್ನೆಲ್ಲ ಕಿತ್ತು, ಎಂಜಿನ್ನಿನ ಹೊಟ್ಟೆಗೆ ತಗಡು ಕಟ್ಟಿ, ಅಗಲವಾದ ಹ್ಯಾಂಡಲ್ ಹಾಕಿಕೊಳ್ಳುತ್ತಿದ್ದರು. 'ಡೆಸರ್ಟ್ ಸ್ಲೆಡ್' ಎಂದರೆ ಇದೇ. 1964ರಲ್ಲಿ ಪೂರ್ವ ಜರ್ಮನಿಯ ಎರ್ಫುರ್ಟ್‌ನಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಗೆ ನಟ ಸ್ಟೀವ್ ಮೆಕ್ವೀನ್ ಹೋದದ್ದೂ ಟ್ರಯಂಫ್ ಹತ್ತಿಯೇ. ಎಷ್ಟೇ ಕಿತ್ತರೂ ಅವು ಭಾರವಾಗಿಯೇ ಉಳಿಯುತ್ತಿದ್ದವು. ಹೊಸದಾಗಿ ಕಲಿಯುವವನು ಬಿದ್ದರೆ ನನ್ನ ಗತಿಯೇ.

1968ರ ಮಾದರಿಯಾಗಿ ಯಮಹಾ ಡಿಟಿ-1 ಬಂದದ್ದು ಈ ಜಾಗಕ್ಕೆ. 246 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, 112 ಕಿಲೋ ತೂಕ, ಅಮೆರಿಕದಲ್ಲಿ 735 ಡಾಲರ್ ಬೆಲೆ. ದೀಪ, ಹಾರ್ನ್ ಎಲ್ಲ ಇದ್ದು ಕಾನೂನುಬದ್ಧವಾಗಿ ರಸ್ತೆಗಿಳಿಯಬಹುದು. ಭಾನುವಾರ ಅದರಲ್ಲೇ ಗುಡ್ಡ ಹತ್ತಬಹುದು. ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಅದರ ಜೊತೆಗೆ ಕಂಪನಿಯೇ ಮಾರಿದ 'ಜಿವೈಟಿ ಕಿಟ್'. ಸಿಲಿಂಡರ್, ಹೆಡ್, ಪಿಸ್ಟನ್, ಕಾರ್ಬುರೇಟರ್, ಎಕ್ಸ್‌ಪ್ಯಾನ್ಶನ್ ಚೇಂಬರ್ ಇಷ್ಟನ್ನು ಬದಲಿಸಿಕೊಂಡರೆ ಅದೇ ಗಾಡಿ ಮೋಟೋಕ್ರಾಸ್ ಪಂದ್ಯಕ್ಕೆ ಸಿದ್ಧ. ಅಂದರೆ ಬೈಕಿನ ಜೊತೆಯಲ್ಲೇ 'ಅಪ್‌ಗ್ರೇಡ್' ಕೂಡ ಕಾರ್ಖಾನೆಯಿಂದಲೇ ಹುಟ್ಟಿತು. ಅಲ್ಲಿಯೂ ಬದಲಾವಣೆಯ ಗುರಿ ಒಂದೇ: ಶಕ್ತಿ ಹೆಚ್ಚಲಿ, ತೂಕ ಏರದಿರಲಿ.

ಎಪ್ಪತ್ತರ ದಶಕದ ಅತ್ಯುತ್ತಮ ಬಿಡಿಭಾಗ ಯಾವುದೆಂದು ಕೇಳಿದರೆ ನಾನು ಎಂಜಿನ್ನಿಗೆ ಸಂಬಂಧಿಸಿದ್ದನ್ನು ಹೇಳುವುದಿಲ್ಲ, ಮಡ್‌ಗಾರ್ಡ್ ಎನ್ನುತ್ತೇನೆ. ಉಕ್ಕಿನ ಮಡ್‌ಗಾರ್ಡ್ ಬಿದ್ದರೆ ನೆಗ್ಗುತ್ತದೆ, ನೆಗ್ಗಿದರೆ ಚಕ್ರಕ್ಕೆ ಒರೆಯುತ್ತದೆ. ಅಮೆರಿಕದ ಸವಾರ ಪ್ರೆಸ್ಟನ್ ಪೆಟ್ಟಿ ಬಾಗಿದರೂ ಮುರಿಯದ ಪ್ಲಾಸ್ಟಿಕ್ ಮಡ್‌ಗಾರ್ಡನ್ನು ಮಾರುಕಟ್ಟೆಗೆ ತಂದ. ಚಕ್ರದಿಂದ ಒಂದು ಗೇಣು ಮೇಲೆ ಕೂರಿಸಿದರೆ ಕೆಸರು ಕಟ್ಟಿಕೊಳ್ಳುವುದಿಲ್ಲ. ಇಟಲಿಯಲ್ಲಿ ಫ್ರಾಂಕೊ ಅಚೆರ್ಬಿಸ್ 1973ರಲ್ಲಿ ಇಂಥದೇ ಪ್ಲಾಸ್ಟಿಕ್ ಭಾಗಗಳ ಕಂಪನಿ ಕಟ್ಟಿದ. ಅದೇ ಹೊತ್ತಿಗೆ ಬೆಲ್ಜಿಯಂನ ಎಂಜಿನಿಯರ್ ಲ್ಯೂಸಿಯೆನ್ ಟಿಲ್ಕೆನ್ಸ್ ಹಿಂದಿನ ಎರಡು ಶಾಕ್‌ಗಳ ಬದಲು ಒಂದೇ ಉದ್ದನೆಯ ಶಾಕ್ ಇಡುವ ವಿಧಾನ ಕಂಡುಹಿಡಿದು ಯಮಹಾಕ್ಕೆ ಕೊಟ್ಟ. ಅದೇ 'ಮೊನೊಶಾಕ್'. ಚಕ್ರ ಮೇಲೆ ಕೆಳಗೆ ಆಡುವ ಜಾಗ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಸೀಟಿನ ಎತ್ತರವೂ ಬೆಳೆಯಿತು, ನಮ್ಮಂಥ ಐದೂವರೆ ಅಡಿಯವರ ಪಾಡು ಕೇಳುವವರಿಲ್ಲ.

ಇಷ್ಟರವರೆಗೂ ಕತೆ ಹಗುರವಾಗುವುದರದ್ದು. ತಿರುವು ಬಂದದ್ದು 1978ರ ಡಿಸೆಂಬರ್ 26ರಂದು. ಪ್ಯಾರಿಸ್‌ನಿಂದ ಡಕಾರ್‌ಗೆ ಹೊರಟ ಆ ಮೊದಲ ರ‍್ಯಾಲಿಯನ್ನು ಸಿರಿಲ್ ನೆವೂ ಯಮಹಾ ಎಕ್ಸ್‌ಟಿ 500ರಲ್ಲಿ ಗೆದ್ದ. ಸಹಾರಾದಲ್ಲಿ ಪೆಟ್ರೋಲ್ ಬಂಕ್ ಎಲ್ಲಿಯದು? ದೊಡ್ಡ ಟ್ಯಾಂಕ್ ಬೇಕು, ನೀರು ಬೇಕು, ಉಪಕರಣ ಬೇಕು. ಆ ಮರಳುಗಾಡಿನ ರೂಪ ಜಗತ್ತಿಗೆಲ್ಲ ಹಿಡಿಸಿತು. ದಿನದ ಬಹುಪಾಲು ಸಿಗ್ನಲ್ಲಿನಲ್ಲಿ ನಿಲ್ಲುವ ಬೈಕಿಗೂ ಸಹಾರಾ ದಾಟುವ ಸಿಂಗಾರ. ಪುಣೆಯ ಬಾಣೇರ್ ರಸ್ತೆಯಲ್ಲಿ ಎರಡು ಲೋಹದ ಪೆಟ್ಟಿಗೆ ಕಟ್ಟಿಕೊಂಡು ಆಟೋಗಳಿಗೆ ತಾಗಿಸುತ್ತಾ ಆಫೀಸಿಗೆ ಹೋಗುತ್ತಿದ್ದ ನಾನು ಆ ಪರಂಪರೆಯವನೇ.

ನಮ್ಮ ಮನೆಯಲ್ಲಿ ಬೇರೊಂದು ಪರಂಪರೆ ಇತ್ತು, ಬಿದ್ದ ಮೇಲೆ ನೆನಪಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ, 1973ರಲ್ಲಿ ಯೆಜ್ಡಿ ಎಂಬ ಹೆಸರು ತಂದು, 1996ರಲ್ಲಿ ಬಾಗಿಲು ಹಾಕಿತು. ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದ ಅಪ್ಪ ಎಚ್.ಡಿ. ಕೋಟೆ ಸುತ್ತಿನ ಹಳ್ಳಿಗಳಿಗೆ ಹೋಗುತ್ತಿದ್ದದ್ದು ಸೆಕೆಂಡ್ ಹ್ಯಾಂಡ್ ಯೆಜ್ಡಿಯಲ್ಲಿ. ಅದನ್ನು ಡ್ಯುಯಲ್-ಸ್ಪೋರ್ಟ್ ಎಂದು ಯಾರೂ ಕರೆಯಲಿಲ್ಲ. ಆದರೆ ಮಳೆಗಾಲ ಹಿಡಿದ ಕೂಡಲೇ ಅಪ್ಪ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಕೊಟ್ಟಿಗೆಯ ಗೋಡೆಗೆ ತೂಗುಹಾಕುತ್ತಿದ್ದರು. ಎರೆಮಣ್ಣು ಒಳಗೆ ತುಂಬಿಕೊಂಡರೆ ಚಕ್ರವೇ ತಿರುಗುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಹಾಕುವುದು. ಪ್ರೆಸ್ಟನ್ ಪೆಟ್ಟಿ ಎದುರಿಸಿದ ಸಮಸ್ಯೆಯೇ ಅದು. ಒಂದು ಸ್ಪ್ಯಾನರ್‌ನಲ್ಲಿ ಮುಗಿದಿತ್ತು.

ಈ ಜಾತಿಯ ಬೈಕು ಭಾರತದಲ್ಲಿ ಅಗ್ಗವಾಗಿ ಸಿಗಲು ತಡವಾಯಿತು. 2011ರಲ್ಲಿ ಹೀರೋ ಇಂಪಲ್ಸ್ ಬಂತು, 150 ಸಿಸಿ. ಮೆಚ್ಚಿದವರು ಬಹಳ, ಕೊಂಡವರು ಕಡಿಮೆ. 2015ರಲ್ಲಿ ಸಿ.ಎಸ್. ಸಂತೋಷ್ ಡಕಾರ್ ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು: ಮುಂದೆ 21 ಇಂಚಿನ ಚಕ್ರ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್. ಮರುವರ್ಷ ಸ್ಪರ್ಧೆಗೆಂದೇ 38,000 ರೂಪಾಯಿಯ ರ‍್ಯಾಲಿ ಕಿಟ್. ಹಾಕಿದರೆ ಕ್ಲಿಯರೆನ್ಸ್ 275. ಡಿಟಿ-1ರ ಉಪಾಯ ಐವತ್ತು ವರ್ಷದ ಮೇಲೆ ಇಲ್ಲಿಗೂ ಬಂತು. ಆದರೆ ಇಲ್ಲಿ ಕಾನೂನು ಬೇರೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2022ರಲ್ಲಿ ಕಾರ್ಖಾನೆಯಿಂದಲೇ ರ‍್ಯಾಲಿ ಎಡಿಷನ್ ಹೊರಬಂದಾಗ ಅದಕ್ಕಷ್ಟು ಬೇಡಿಕೆ ಬರಲು ಇದೂ ಒಂದು ಕಾರಣ ಎಂದು ನನ್ನ ಊಹೆ.

ಈಗ ನನ್ನ ಗಾಡಿಯಲ್ಲಿ ಉಳಿದದ್ದು ಇಷ್ಟು. ಒಳಗೆ ಅಲ್ಯೂಮಿನಿಯಂ ಪಟ್ಟಿ ಇರುವ ಹ್ಯಾಂಡ್‌ಗಾರ್ಡ್, ಏಕೆಂದರೆ ಕ್ಲಚ್ ಲಿವರ್ ಮುರಿದರೆ ಮನೆಗೆ ಬರುವ ದಾರಿಯೇ ಇಲ್ಲ. ಎಂಜಿನ್ನಿನ ಕೆಳಗೆ ಬ್ಯಾಶ್ ಪ್ಲೇಟ್. ಮಣ್ಣುದಾರಿಗೆ ಹೊಂದುವ ಟಯರ್. ಪುಟ್ಟ ಏರ್ ಪಂಪು ಇಟ್ಟುಕೊಂಡು ಘಾಟಿಯ ಬುಡದಲ್ಲಿ ಗಾಳಿ ಇಳಿಸುತ್ತೇನೆ, ಇಳಿದ ಮೇಲೆ ತುಂಬುತ್ತೇನೆ. ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿದ್ದೇನೆ, ಏರಿನಲ್ಲಿ ಕ್ಲಚ್ ಸುಡುವುದು ತಪ್ಪಿತು, ಹೆದ್ದಾರಿಯಲ್ಲಿ ಎಂಜಿನ್ ಅರಚುವುದು ಹೆಚ್ಚಿತು. ಪೆಟ್ಟಿಗೆಯ ಬದಲು ಬಟ್ಟೆಯ ಚೀಲ. ಅದರ ಕೆಳಗೆ ಕಾಲು ಸಿಕ್ಕರೆ ಎಳೆದುಕೊಳ್ಳಬಹುದು.

ಸೀರೆ ಗಾರ್ಡ್ ಮಾತ್ರ ಬಿಚ್ಚಲಿಲ್ಲ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದೂ ಅಲ್ಲದೆ ಅಮ್ಮ ಪುಣೆಗೆ ಬಂದರೆ ಚತುಃಶೃಂಗಿ ಗುಡಿಗೆ ಇದರಲ್ಲೇ ಹೋಗುವುದು. ಹತ್ತಲು ಪಾರ್ಕಿಂಗಿನ ಕಟ್ಟೆ ಬೇಕು ಅಷ್ಟೆ.

23 ಕಿಲೋ ಕಬ್ಬಿಣವನ್ನು ಗುಜರಿಗೆ ಹಾಕುತ್ತೇನೆಂದು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಕು, ಬಿಡು. ಆದ್ರೆ ಕಂಪ್ನಿಯವರು ಕೊಟ್ಟಿದ್ದನ್ನ ಏನಾದ್ರೂ ಬಿಚ್ಚಿದ್ರೆ, ಬೋಲ್ಟುಗಳನ್ನ ಅದರ ತೂತಿಗೇ ಸಿಕ್ಸಿ ಇಡಪ್ಪ. ಕಳ್ದೋಗ್ತವೆ."