ಗಳಗನಾಥದ ಊರುಗೋಲು

ವಿಚಿತ್ರ ಕಟ್ಟಡ ನೋಡೋಕೆ ಅಂತಲೇ ದೇಶ ದೇಶ ಸುತ್ತುವವರಿದ್ದಾರೆ. ಪೋಲೆಂಡಿನ ಶಿಂಬಾರ್ಕ್‌ನಲ್ಲಿ 2007ರಲ್ಲಿ ತಲೆಕೆಳಗಾಗಿ ಕಟ್ಟಿದ ಮನೆಯೊಂದಿದೆ. ಅಮೆರಿಕದ ಒಹಾಯೊದಲ್ಲಿ ಬುಟ್ಟಿ ಮಾರುವ ಕಂಪನಿಯೊಂದು 1997ರಲ್ಲಿ ತನ್ನ ಆಫೀಸನ್ನೇ ಏಳಂತಸ್ತಿನ ಬುಟ್ಟಿಯಾಗಿ ಕಟ್ಟಿಸಿತು, ಹಿಡಿಕೆ ಸಮೇತ! 2016ರಲ್ಲಿ ಅದನ್ನು ಬಿಟ್ಟೂ ಹೋಯಿತು. ಇಂಥವು ನಂಗೆ ಒಂದು ಸಲ ನಗು ತರಿಸುತ್ತವೆ, ಅಷ್ಟೇ. ವಿಚಿತ್ರವಾಗಿ ಕಾಣಲಿ ಅಂತಲೇ ಕಟ್ಟಿದ್ದರ ಮುಂದೆ ನಿಂತು 'ಇದ್ಯಾಕೆ ಹೀಗಿದೆ?' ಅಂತ ಕೇಳುವ ಹಾಗೇ ಇಲ್ಲವಲ್ಲ. ಹಾಗೆ ಕೇಳಿಸುವ ಕಟ್ಟಡ ಬೇಕಿದ್ದರೆ ನಮ್ಮ ಹಾವೇರಿ ಕಡೆ ಬನ್ನಿ.

ಬೆಂಗಳೂರಿಂದ ಹುಬ್ಬಳ್ಳಿ ರೈಲು ಹತ್ತಿದರೆ ರಾಣೆಬೆನ್ನೂರು, ಬ್ಯಾಡಗಿ ದಾಟಿ ಹಾವೇರಿ. (ಮೆಣಸಿನಕಾಯಿ ಸೀಜನ್ನಿನಲ್ಲಿ ಬ್ಯಾಡಗಿ ಬಂತು ಅಂತ ತಿಳಿಯೋಕೆ ಬೋರ್ಡು ನೋಡಬೇಕಿಲ್ಲ, ಸೀನೇ ಹೇಳುತ್ತೆ.) ಹಾವೇರಿಯ ಸಿದ್ಧೇಶ್ವರ ಗುಡಿಯಲ್ಲೇ ಮೊದಲ ಪ್ರಶ್ನೆ ಎದುರಾಗುತ್ತದೆ. ಕಲ್ಯಾಣ ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ. ಪೂರ್ವದ ಗೋಡೆಯಲ್ಲಿ ಸೂರ್ಯನ ಮೂರ್ತಿ ಇದೆ. ಅದನ್ನು ಹಿಡಿದು, ಇದು ಮೊದಲು ಸೂರ್ಯನ ಗುಡಿ ಆಗಿತ್ತೇನೋ ಅಂತ ಕೆಲವು ಇತಿಹಾಸಕಾರರ ಊಹೆ. ಈಗಂತೂ ಶಿವನ ಗುಡಿ.

ಅಲ್ಲಿಂದ ಗುತ್ತಲದ ದಾರಿ ಹಿಡಿಯಿರಿ. ತಾವು ಉಜ್ಜಯಿನಿಯ ಗುಪ್ತರ ವಂಶದವರು ಅಂತ ಹೇಳಿಕೊಂಡ ಗುತ್ತರಸರ ಊರು ಅದು. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆ ಮೇಲೆ, ಮುಕ್ತೇಶ್ವರನ ಗುಡಿ. ಅದು ಎಷ್ಟು ಚಂದವೆಂದರೆ ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ ಪಿಯರ್ ಅವರು ಆ ಒಂದೇ ಗುಡಿಯ ಮೇಲೆ 1995ರಲ್ಲಿ ಒಂದು ಪುಸ್ತಕ ತಂದರು. ಚಂದ ಹೌದು, ವಿಚಿತ್ರ ಅಲ್ಲ!

ವಿಚಿತ್ರ ಇರೋದು ಗಳಗನಾಥದಲ್ಲಿ. ವರದಾ ನದಿ ತುಂಗಭದ್ರೆಗೆ ಸೇರುವ ಜಾಗ. ವೆಂಕಟೇಶ ತಿರಕೋ ಕುಲಕರ್ಣಿಯವರ (1869-1942) ಕಾವ್ಯನಾಮದಿಂದ ಈ ಹೆಸರು ಕಾದಂಬರಿ ಓದುವವರಿಗೆಲ್ಲ ಗೊತ್ತು, ಊರು ನೋಡಿದವರು ಮಾತ್ರ ಕಮ್ಮಿ. ಇಲ್ಲಿನ ಗಳಗೇಶ್ವರ ಗುಡಿ 11ನೇ ಶತಮಾನದ್ದು. ಹಿಂಬದಿಗೆ ಹೋಗಿ ನಿಂತರೆ ಇದು ನಮ್ಮ ಕಡೆಯ ಗುಡಿಯೇ ಅಂತ ಅನುಮಾನ ಬರುತ್ತೆ. ಗರ್ಭಗುಡಿಯ ಸುತ್ತ ಕಲ್ಲಿನ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುತ್ತಾ ಮೇಲೇರಿವೆ. ಥೇಟ್ ಪಿರಮಿಡ್ಡಿನ ಬುಡ! ಅದರ ಮೇಲೆ ಚಾಲುಕ್ಯ ಶಿಖರ. ಗೋಡೆಯ ಕೆಳಭಾಗ ಈ ಕಲ್ಲುಗಳ ಹಿಂದೆ ಮುಚ್ಚಿಹೋಗಿದೆ.

ಯಾಕೆ? ನನ್ನ ಮಟ್ಟಿಗೆ ಇದು ಊರುಗೋಲು. ಎರಡು ನದಿ ಕೂಡುವ ದಂಡೆಯ ನೆಲ, ಮೇಲೆ ಅಷ್ಟು ಭಾರದ ಶಿಖರ. ಬುಡ ಸಡಿಲವಾಗಿರಬೇಕು, ಸುತ್ತಲೂ ಕಲ್ಲು ಒತ್ತಿ ನಿಲ್ಲಿಸಿದ್ದಾರೆ. ಶೋಕಿಗೆ ಕಟ್ಟಿದ್ದಾದರೆ ಅಲಂಕಾರ ಇರುತ್ತಿತ್ತು. ಇದು ಬರೀ ಕಲ್ಲು, ಬರೀ ಭಾರ.

ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್ಲಿನ ಕಥೆಯೂ ಇದೇ. 1313ರಲ್ಲಿ ಗೋಪುರ ಎತ್ತರಿಸಲು ಶುರು ಮಾಡಿದರು, ಬುಡ ಕುಸಿಯತೊಡಗಿತು. 1338ರಿಂದ 1348ರ ನಡುವೆ ಒಳಗಡೆ ಒಂದು ಕಮಾನಿನ ಮೇಲೆ ಇನ್ನೊಂದನ್ನು ಉಲ್ಟಾ ಇಟ್ಟು, ಕತ್ತರಿಯ ಹಾಗೆ ಆಸರೆ ಕೊಟ್ಟರು. ಇವತ್ತು ಜನ ಅಲ್ಲಿಗೆ ಹೋಗೋದು ಆ ಕತ್ತರಿ ನೋಡೋಕೇ! ಪೀಸಾದ ಗೋಪುರವನ್ನು 1990ರಿಂದ 2001ರವರೆಗೆ ಮುಚ್ಚಿಟ್ಟು, ಎದ್ದ ಕಡೆಯ ಬುಡದಿಂದ ಮಣ್ಣು ತೆಗೆದು ವಾಲುವುದನ್ನು ತಗ್ಗಿಸಿದರು. ಪೂರ್ತಿ ನೆಟ್ಟಗೆ ಮಾತ್ರ ಮಾಡಲಿಲ್ಲ, ಜಾಣರು :)

ವೆಲ್ಸ್‌ನ ಕಮಾನು ಕಟ್ಟಿದವನ ಹೆಸರು ವಿಲಿಯಂ ಜಾಯ್ ಅಂತ ಅಲ್ಲಿಯವರು ಹೇಳುತ್ತಾರೆ. ನಮ್ಮಲ್ಲಿ ಚಂದದ ಗುಡಿ ಯಾವುದೇ ಇರಲಿ, 'ಜಕಣಾಚಾರಿ ಕಟ್ಟಿದ್ದು' ಅಂದುಬಿಡುತ್ತೇವೆ. ಕಟ್ಟಿದವನಿಗೆ ದಂತಕಥೆಯಾದರೂ ಸಿಕ್ಕಿತು. ಬೀಳದ ಹಾಗೆ ಹಿಡಿದವನಿಗೆ ಅದೂ ಇಲ್ಲ. ಆ ಮೆಟ್ಟಿಲು 'ಮೂಲ ಅಂದ ಕೆಡಿಸಿದೆ' ಅಂತ ನೋಡಿದವರು ಗೊಣಗಿದಾಗಲೆಲ್ಲ ನಂಗೆ ಸಿಟ್ಟು ಬರುತ್ತೆ. ಅದು ಇರದಿದ್ದರೆ ಗೊಣಗೋಕೆ ಗುಡಿ ಎಲ್ಲಿರುತ್ತಿತ್ತು ಸ್ವಾಮಿ?

ನಿಮ್ಮೂರ ಕಡೆ ಹೀಗೆ ಊರುಗೋಲು ಹಿಡಿದು ನಿಂತ ಗುಡಿ ಇದ್ದರೆ ಹೇಳಿ, ಹೋಗಿ ನೋಡೋಣ.